ಮೆಡಿಸಿನ್ ವಾರ್ಡಿನಲ್ಲಿ ಆರು ತಿಂಗಳು

ಹೋದ ತಿಂಗಳು ನಮ್ಮ ಕಾಲೇಜಿನ ಜೂನಿಯರ್ ಒಬ್ಬಳು ಫೋನ್ ಮಾಡಿದ್ದಳು. ಫಾರ್ಮ್.ಡಿ, ಅಂದರೆ ರೋಗಿಗಳ ಔಷಧಿ ನೋಡಿಕೊಳ್ಳುವ ಫಾರ್ಮಸಿಸ್ಟ್ ಆಗುವ ಕೋರ್ಸು, ಕೊನೇ ವರ್ಷ. ಆ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ಮಾಡುವ ರೆಸಿಡೆನ್ಸಿ ಇನ್ನೇನು ಶುರುವಾಗುವುದರಲ್ಲಿತ್ತು. ಪೋಸ್ಟಿಂಗ್ ಪಟ್ಟಿ ನೋಡಿ ಬೇಜಾರಾಗಿದ್ದಳು.

"ಅಕ್ಕಾ, ಆರು ತಿಂಗಳು ಬರೀ ಜನರಲ್ ಮೆಡಿಸಿನ್ ಹಾಕಿದ್ದಾರೆ. ಅದೇ ಶುಗರ್, ಅದೇ ಬಿ.ಪಿ., ಅದೇ ಜ್ವರ. ಎರಡು ತಿಂಗಳು ಸಾಕಲ್ವಾ? ಉಳಿದದ್ದು ಐಸಿಯು, ಕ್ಯಾನ್ಸರ್ ವಾರ್ಡು ಅಂತ ಹಾಕಿದ್ರೆ ರೆಸ್ಯೂಮೆಗಾದ್ರೂ ಚೆನ್ನಾಗಿರ್ತಿತ್ತು."

ಫೋನಿನಲ್ಲಿ ಐದು ನಿಮಿಷ ಏನೇನೋ ಹೇಳಿದೆ. ಇಟ್ಟ ಮೇಲೆ, ಹೇಳಬೇಕಾದದ್ದು ಹೇಳಲೇ ಇಲ್ಲ ಅನ್ನಿಸಿತು. ಅವಳಿಗೆ ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೋರ್ಸಿಗೆ ಮಕ್ಕಳನ್ನು ಸೇರಿಸಬೇಕು ಅಂತಿರುವ ಅಪ್ಪ ಅಮ್ಮಂದಿರೂ ಓದಲಿ. "ಆಸ್ಪತ್ರೆಯಲ್ಲಿ ಮಾತ್ರೆ ಕೊಡೋಕೆ ಇಷ್ಟು ವರ್ಷ ಓದಬೇಕಾ?" ಅಂತ ನನ್ನನ್ನು ಕೇಳಿದವರು ಬೇಕಾದಷ್ಟು ಜನ ಇದ್ದಾರೆ.

ಮೊದಲು ನನ್ನ ಹಿನ್ನೆಲೆ. ತಿಪಟೂರಿನ ಹತ್ತಿರದ ಹಳ್ಳಿ. ಅಪ್ಪನದು ಮೆಡಿಕಲ್ ಸ್ಟೋರು. ನಾನು ಬಿ.ಫಾರ್ಮ್ ಮುಗಿಸಿ ಎರಡು ವರ್ಷ ಅಪ್ಪನ ಜೊತೆ ಅಂಗಡಿಯಲ್ಲೇ ನಿಂತೆ. ಆಮೇಲೆ ಫಾರ್ಮ್.ಡಿ ಪೋಸ್ಟ್ ಬ್ಯಾಕಲಾರಿಯೇಟ್ ಸೇರಿದೆ. ಪಿಯುಸಿ ಮುಗಿಸಿ ನೇರ ಬಂದವರಿಗೆ ಫಾರ್ಮ್.ಡಿ ಒಟ್ಟು ಆರು ವರ್ಷ. ಬಿ.ಫಾರ್ಮ್ ಆದವರು ನಾಲ್ಕನೇ ವರ್ಷಕ್ಕೆ ಸೇರಿಕೊಳ್ಳುತ್ತೇವೆ, ಮೂರು ವರ್ಷ. ಇಬ್ಬರಿಗೂ ಕೊನೇ ವರ್ಷ ಪೂರ್ತಿ ಆಸ್ಪತ್ರೆ. ಫಾರ್ಮಸಿ ಕೌನ್ಸಿಲ್ 2008ರಲ್ಲಿ ಈ ಕೋರ್ಸಿನ ನಿಯಮ ಮಾಡಿದಾಗಲೇ ಆ ವರ್ಷ ಹೇಗಿರಬೇಕು ಅಂತ ಬರೆದಿದೆ. ಆರು ತಿಂಗಳು ಜನರಲ್ ಮೆಡಿಸಿನ್, ಉಳಿದ ಆರು ತಿಂಗಳಲ್ಲಿ ಬೇರೆ ಮೂರು ವಿಭಾಗಗಳಲ್ಲಿ ತಲಾ ಎರಡು ತಿಂಗಳು. ತನಗೆ ಕೊಟ್ಟ ವಾರ್ಡಿನಲ್ಲಿ ವಿದ್ಯಾರ್ಥಿ ಸ್ವತಂತ್ರವಾಗಿ ಕ್ಲಿನಿಕಲ್ ಫಾರ್ಮಸಿ ಸೇವೆ (ರೋಗಿಗಳ ಔಷಧಿ, ಡೋಸ್ ನೋಡಿಕೊಳ್ಳುವ ಕೆಲಸ) ಕೊಡಬೇಕು ಅನ್ನುವ ಮಾತೂ ಅದರಲ್ಲಿದೆ. "ಸ್ವತಂತ್ರವಾಗಿ" ಅನ್ನುವ ಆ ಒಂದು ಪದದ ಭಾರ ನನಗೆ ಗೊತ್ತಾಗಿದ್ದು ವಾರ್ಡಿಗೆ ಹೋದ ಮೇಲೆ.

ನನಗೆ ಸಿಕ್ಕಿದ್ದು ಮಧ್ಯ ಕರ್ನಾಟಕದ ಒಂದು ದೊಡ್ಡ ಟೀಚಿಂಗ್ ಆಸ್ಪತ್ರೆ. ಹೆಂಗಸರ ಮೆಡಿಸಿನ್ ವಾರ್ಡು, ಮೂವತ್ತು ಬೆಡ್. ಮಳೆಗಾಲದಲ್ಲಿ ಎರಡು ಸಾಲಿನ ಮಧ್ಯೆ ಕೆಳಗೂ ಹಾಸಿಗೆ ಹಾಸುತ್ತಿದ್ದರು. ಮೊದಲ ವಾರ ಸಿಸ್ಟರ್ ನನ್ನನ್ನು ಔಷಧಿ ಕಂಪನಿಯವಳು ಅಂದುಕೊಂಡು "ಈಗ ರೌಂಡ್ಸ್ ಟೈಮು, ಮಧ್ಯಾಹ್ನ ಬನ್ನಿ" ಅಂದರು. ಹೌಸ್ ಸರ್ಜನ್‌ಗಳಿಗೆ ನಾವು ಯಾರು ಅಂತಲೇ ಗೊತ್ತಿರಲಿಲ್ಲ. ರೌಂಡ್ಸಿನಲ್ಲಿ ಚೀಫ್, ಅಸಿಸ್ಟೆಂಟ್ ಪ್ರೊಫೆಸರ್, ಪಿಜಿಗಳು (ಎಂ.ಡಿ. ಓದುತ್ತಿರುವ ಡಾಕ್ಟರ್‌ಗಳು), ಹೌಸ್ ಸರ್ಜನ್‌ಗಳು, ಸಿಸ್ಟರ್, ಕೊನೆಯಲ್ಲಿ ನಾವು. ಮುಂದಿನವರ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಎರಡನೇ ವಾರ ನಾನು ಬಾಯಿಬಿಟ್ಟೆ. ಹೃದಯಾಘಾತವಾಗಿ ಬಂದಿದ್ದ ಒಬ್ಬರಿಗೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಬರೆದಿದ್ದರು. ಮೊಬೈಲ್ ಆಪ್ ಕೆಂಪು ಗುರುತು ತೋರಿಸಿತ್ತು, ಎರಡೂ ಸೇರಿದರೆ ರಕ್ತಸ್ರಾವ ಅಂತ. ಅದನ್ನೇ ಹೇಳಿದೆ. ಪಿಜಿ ತಿರುಗಿ ನೋಡಿ, "ಗೊತ್ತು, ಬೇಕಂತಲೇ ಕೊಟ್ಟಿರೋದು" ಅಂದು ಮುಂದಿನ ಬೆಡ್ಡಿಗೆ ಹೋದರು. ಅವರು ಹೇಳಿದ್ದು ಸರಿಯಾಗೇ ಇತ್ತು. ಆ ರೋಗಿಗೆ ಎರಡೂ ಬೇಕಿತ್ತು.

ಮಧ್ಯಾಹ್ನ ನಮ್ಮ ಮೇಡಂ ನನ್ನನ್ನು ಕೂರಿಸಿಕೊಂಡರು. ಅವರು ಓದಿದ್ದು ಮೈಸೂರಿನ ಜೆಎಸ್‌ಎಸ್‌ನಲ್ಲಿ. ಆಸ್ಪತ್ರೆ ವಾರ್ಡಿನಲ್ಲಿ ಫಾರ್ಮಸಿಸ್ಟ್ ಕೆಲಸ ಕಲಿಸುವ ಎಂ.ಫಾರ್ಮ್ ಅಲ್ಲಿಯೂ ಊಟಿಯಲ್ಲಿಯೂ ತೊಂಬತ್ತರ ದಶಕದಲ್ಲೇ ಶುರುವಾಗಿತ್ತು. ಮೇಡಂ ಬೈಯಲಿಲ್ಲ. "ಆಪ್‌ನಲ್ಲಿ ಇರೋದನ್ನ ಅವರೂ ನೋಡಬಲ್ಲರು. ನೀನು ಆ ಹೆಂಗಸಿನ ಹತ್ತಿರ ಹೋಗಿ, ಹಲ್ಲುಜ್ಜುವಾಗ ರಕ್ತ ಬರ್ತಿದೆಯಾ, ಮಲ ಕಪ್ಪಗಿದೆಯಾ, ಮುಂಚೆ ಹೊಟ್ಟೆ ಹುಣ್ಣು ಇತ್ತಾ ಅಂತ ಕೇಳಿದ್ಯಾ?" ಕೇಳಿರಲಿಲ್ಲ. "ಹೋಗಿ ಕೇಳು. ಆಮೇಲೆ ಮಾತಾಡು." ಅಷ್ಟೇ ಅಂದರು.

ಕೇಳುವುದು ಒಂದೇ ದಿನಕ್ಕೆ ಬರುವುದಿಲ್ಲ. "ಯಾವ ಮಾತ್ರೆ ತಗೋತೀರಾ?" ಅಂದರೆ "ಬಿಳೀದು, ಗುಂಡಗಿರ್ತದೆ" ಅಂತಾರೆ. "ದಿನಾ ತಗೋತೀರಾ?" ಅಂದರೆ ಹೂಂ ಅಂತಾರೆ, ಡಾಕ್ಟರ್ ಬೈತಾರೆ ಅಂತ. ಅದನ್ನೇ "ತಿಂಗಳಲ್ಲಿ ಎಷ್ಟು ದಿನ ಮರೆತುಹೋಗುತ್ತೆ ಅಮ್ಮಾ? ಎಲ್ಲರಿಗೂ ಮರೆಯುತ್ತೆ" ಅಂತ ಕೇಳಿದರೆ ನಿಜ ಹೇಳುತ್ತಾರೆ. ನಾನು ಕಲಿತ ಇನ್ನೊಂದು ವಿಷಯ ಕವರ್. ನಮ್ಮ ಕಡೆ ಆಸ್ಪತ್ರೆಗೆ ಬರುವ ಪ್ರತಿಯೊಬ್ಬರ ಮನೆಯಲ್ಲೂ ಮಾತ್ರೆಯ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಬಟ್ಟೆ ಅಂಗಡಿಯದ್ದೋ ಬೇಕರಿಯದ್ದೋ ಕವರು. ಒಳಗೆ ಅರ್ಧ ಕತ್ತರಿಸಿದ ಸ್ಟ್ರಿಪ್ಪು, ಮಡಚಿ ಮಡಚಿ ಹರಿದ ಚೀಟಿ, ಮೂರು ವರ್ಷದ ಹಿಂದಿನ ಸಿರಪ್ಪು, ಪಕ್ಕದ ಮನೆಯವರು ಕೊಟ್ಟ ಮಂಡಿ ನೋವಿನ ಮಾತ್ರೆ. ಕೇಸ್ ಶೀಟಿನಲ್ಲಿ ಇಲ್ಲದ್ದು ಆ ಕವರಿನಲ್ಲಿ ಇರುತ್ತದೆ.

ಆ ಕವರಿನಿಂದಲೇ ಹೊರಬಿದ್ದ ಒಂದು ಸಂಗತಿ ಹೇಳುತ್ತೇನೆ. ಆಗಸ್ಟ್ ತಿಂಗಳು. ಡೆಂಗಿ ಜಾಸ್ತಿ ಇದ್ದ ಸಮಯ. ಅರವತ್ತೆಂಟು ವರ್ಷದ ಒಬ್ಬರು ಅಜ್ಜಿ ಜ್ವರ ಅಂತ ಅಡ್ಮಿಟ್ ಆದರು. ಪ್ಲೇಟ್‌ಲೆಟ್ 38,000. ಬಿಳಿ ರಕ್ತಕಣ ಬರೀ 1,100. ಎಲ್ಲರೂ ಡೆಂಗಿ ಅಂತಲೇ ಅಂದುಕೊಂಡರು. ವಾರ್ಡಿನಲ್ಲಿ ಅರ್ಧ ಜನಕ್ಕೆ ಅದೇ ಇತ್ತು. ಅಜ್ಜಿಯ ಟೆಸ್ಟು ನೆಗೆಟಿವ್ ಬಂತು. ಇನ್ನೊಂದು ಸಲ ಮಾಡಿ ನೋಡೋಣ ಅಂದರು.

ನನ್ನ ಕಣ್ಣಿಗೆ ಬಿದ್ದದ್ದು ಅವರ ಬಾಯಿ. ಮಧ್ಯಾಹ್ನ ಸೊಸೆ ಗಂಜಿ ಕುಡಿಸುತ್ತಿದ್ದರು. ಅಜ್ಜಿ ಒಂದು ಚಮಚ ಬಾಯಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ನುಂಗಲಾರದೆ ಹಾಗೇ ಕೂತಿದ್ದರು. ಕಣ್ಣಲ್ಲಿ ನೀರು. ಟಾರ್ಚ್ ಬಿಟ್ಟು ನೋಡಿದೆ. ನಾಲಿಗೆ ಅಂಚು, ಕೆನ್ನೆಯ ಒಳಗೆ, ತುಟಿ ಒಳಗೆ ಎಲ್ಲಾ ಹುಣ್ಣು. ಕೈ ಬೆರಳ ಗಿಣ್ಣುಗಳು ದಪ್ಪಗಾಗಿ ಸೊಟ್ಟಗಿದ್ದವು.

"ಕೀಲು ನೋವಿಗೆ ಏನಾದ್ರೂ ತಗೋತಿದ್ರಾ?" ಅಂದೆ. "ಹೂಂ, ಪ್ಯಾಟೆ ಡಾಕ್ಟ್ರು ಕೊಟ್ಟಾರೆ" ಅಂದರು ಸೊಸೆ. ಹೆಸರು ಗೊತ್ತಿಲ್ಲ. ಚೀಟಿ ಮನೇಲಿದೆ. ಕವರು? ಅದೂ ಮನೇಲೇ. ಆಸ್ಪತ್ರೆಯಲ್ಲೇ ಔಷಧಿ ಕೊಡ್ತಾರಲ್ಲ ಅಂತ ಬಿಟ್ಟು ಬಂದಿದ್ದರು. ಮೊಮ್ಮಗನಿಗೆ ಫೋನ್ ಮಾಡಿಸಿದೆ. ಅವನು ಕಾಲೇಜು ಬಿಟ್ಟು ಬಂದು, ಮನೆಗೆ ಹೋಗಿ, ಆರೂವರೆ ಬಸ್ಸಿಗೆ ಕವರ್ ತಂದ.

ಬೆಡ್ಡಿನ ಮೇಲೆ ಸುರಿದೆ. ಎರಡು ಸ್ಟ್ರಿಪ್ಪು ಪಕ್ಕ ಪಕ್ಕ ಬಿದ್ದವು. ಒಂದು ಫೋಲಿಕ್ ಆಸಿಡ್ 5 ಮಿಲಿಗ್ರಾಂ. ಇನ್ನೊಂದು ಮೆಥೋಟ್ರೆಕ್ಸೇಟ್ 7.5 ಮಿಲಿಗ್ರಾಂ. ಎರಡೂ ಸಣ್ಣವು. ಎರಡೂ ಗುಂಡಗೆ. ಎರಡೂ ಹಳದಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೀಲುವಾತಕ್ಕೆ ಮೆಥೋಟ್ರೆಕ್ಸೇಟ್ ಬಹಳ ಒಳ್ಳೆಯ ಔಷಧಿ. ಆದರೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಅದರಿಂದ ಆಗುವ ತೊಂದರೆ ಕಡಿಮೆಯಾಗಲಿ ಅಂತ ಉಳಿದ ದಿನ ಫೋಲಿಕ್ ಆಸಿಡ್ ಬರೆಯುತ್ತಾರೆ. ಮೆಥೋಟ್ರೆಕ್ಸೇಟನ್ನು ದಿನಾ ತೆಗೆದುಕೊಂಡರೆ ಅಸ್ಥಿಮಜ್ಜೆಯಲ್ಲಿ ರಕ್ತಕಣ ತಯಾರಾಗುವುದೇ ನಿಂತುಹೋಗುತ್ತದೆ. ಬಾಯಿ, ಕರುಳಿನ ಒಳಪದರ ಸುಲಿಯುತ್ತದೆ. ಜೀವ ಹೋಗಬಹುದು.

ಡಾಕ್ಟರ್ ಚೀಟಿ ಸರಿಯಾಗಿತ್ತು. ವಾರಕ್ಕೊಮ್ಮೆ ಅಂತ ಇಂಗ್ಲಿಷಿನಲ್ಲಿ ಬರೆದಿದ್ದರು. ಅಂಗಡಿಯಲ್ಲಿ ಎರಡೂ ಸ್ಟ್ರಿಪ್ಪಿನ ಮೇಲೆ ಪೆನ್ನಿನಲ್ಲಿ 1-0-0, ಅಂದರೆ ದಿನಾ ಬೆಳಗ್ಗೆ ಒಂದು, ಅಂತ ಗೀಚಿ ಕೊಟ್ಟಿದ್ದರು. ಅಜ್ಜಿಗೆ ಓದಲು ಬರುವುದಿಲ್ಲ. ಸ್ಟ್ರಿಪ್ಪಿನಲ್ಲಿ ಖಾಲಿಯಾಗಿದ್ದ ಗುಳಿ ಎಣಿಸಿದೆ. ಹತ್ತರ ಒಂದು ಸ್ಟ್ರಿಪ್ ಮುಗಿದು, ಎರಡನೆಯದರಲ್ಲಿ ಒಂದು ಹೋಗಿತ್ತು. ಅಲ್ಲಿಗೆ ಹನ್ನೊಂದು ದಿನ, ದಿನಕ್ಕೊಂದು.

"ಏನ್ ಮಾಡ್ಲಿ ತಾಯಿ, ಎರಡೂ ಹಳದೀನೇ ಅಲ್ಲೇನು" ಅಂದರು ಅಜ್ಜಿ. ತಾನೇ ತಪ್ಪು ಮಾಡಿದೆ ಅನ್ನುವ ದನಿಯಲ್ಲಿ. ಆ ದನಿ ನನಗೆ ಇವತ್ತಿಗೂ ಸಂಕಟ ತರುತ್ತದೆ.

ಸ್ಟ್ರಿಪ್ ಹಿಡಿದುಕೊಂಡು ಡ್ಯೂಟಿ ರೂಮಿಗೆ ಹೋದೆ. ಇದ್ದವರು ಅದೇ ಪಿಜಿ, ಆಸ್ಪಿರಿನ್ ದಿನದವರು. ಸ್ಟ್ರಿಪ್ ಟೇಬಲ್ ಮೇಲಿಟ್ಟು, "ಸರ್, ದಿನಾ ತಗೊಂಡಿದ್ದಾರೆ, ಹನ್ನೊಂದು ದಿನ. ಬಾಯಲ್ಲಿ ಹುಣ್ಣಿದೆ. ಕ್ರಿಯಾಟಿನಿನ್ 1.6 ಇದೆ" ಅಂದೆ. ಕ್ರಿಯಾಟಿನಿನ್ ಏರಿದೆ ಅಂದರೆ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಪಿಜಿ ಒಂದು ಕ್ಷಣ ಸ್ಟ್ರಿಪ್ ನೋಡಿದರು. ಎದ್ದು ನಿಂತೇ ಚೀಫ್‌ಗೆ ಫೋನ್ ಮಾಡಿದರು. ಮೆಥೋಟ್ರೆಕ್ಸೇಟಿನ ವಿಷ ಇಳಿಸಲು ಫೋಲಿನಿಕ್ ಆಸಿಡ್ ಇಂಜೆಕ್ಷನ್ ಬೇಕಿತ್ತು. ನಮ್ಮ ವಾರ್ಡಿನಲ್ಲಿ ಇರಲಿಲ್ಲ. ಕ್ಯಾನ್ಸರ್ ವಿಭಾಗದ ಫಾರ್ಮಸಿಯಲ್ಲಿ ಇರುತ್ತದೆ ಅಂತ ನನಗೆ ಗೊತ್ತಿತ್ತು. ಓಡಿದೆ. ರಾತ್ರಿ ಎಂಟಕ್ಕೆ ಮೊದಲ ಡೋಸ್ ಹೋಯಿತು. ಡ್ರಿಪ್, ಆಂಟಿಬಯೋಟಿಕ್, ದಿನಾ ರಕ್ತ ಪರೀಕ್ಷೆ. ಆರನೇ ದಿನ ಬಿಳಿ ಕಣ ಏರತೊಡಗಿತು. ಹನ್ನೆರಡನೇ ದಿನ ಅಜ್ಜಿ ಮುದ್ದೆ ಕೇಳಿದರು.

ಆ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದ್ದೆ. ಅಪ್ಪ ಸುಮಾರು ಹೊತ್ತು ಸುಮ್ಮನಿದ್ದರು. "ನಾನೂ ಒನ್ ಜೀರೋ ಜೀರೋ ಅಂತಲೇ ಬರೀತಿದ್ದೆ ಕಣಮ್ಮ" ಅಂದರು. ಈಗ ನಮ್ಮ ಅಂಗಡಿಯಲ್ಲಿ ಆ ಮಾತ್ರೆ ಕೊಡುವಾಗ ಬೇರೆ ಕಾಗದದ ಪೊಟ್ಟಣಕ್ಕೆ ಹಾಕಿ, ಕೆಂಪು ಶಾಯಿಯಲ್ಲಿ "ವಾರಕ್ಕೆ ಒಂದೇ ಸಲ" ಅಂತ ಕನ್ನಡದಲ್ಲಿ ಬರೆದು, ಓದಿ ಹೇಳಿ ಕೊಡುತ್ತಾರೆ.

ಅಜ್ಜಿ ಡಿಸ್ಚಾರ್ಜ್ ಆಗಿ ಹೋದರು. ನಾನು ಹದಿನೈದು ದಿನದ ಪೋಸ್ಟಿಂಗ್‌ನಲ್ಲಿ ಇದ್ದಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಲಾಗ್ ಬುಕ್ಕಿನಲ್ಲಿ ಒಂದು ಕೇಸ್, ಸಹಿ, ಮುಗಿಯಿತು. ಆದರೆ ಒಂದೂವರೆ ತಿಂಗಳಾದ ಮೇಲೆ ಅವರು ಓಪಿಡಿಗೆ ವಾಪಸ್ ಬಂದಾಗ ನಾನು ಅದೇ ವಾರ್ಡಿನಲ್ಲಿ ಇದ್ದೆ. ಕೀಲು ನೋವು ಮತ್ತೆ ಜಾಸ್ತಿಯಾಗಿತ್ತು. ರಕ್ತ, ಕಿಡ್ನಿ ಎಲ್ಲಾ ನೋಡಿ, ಯೋಚನೆ ಮಾಡಿ, ಅದೇ ಔಷಧಿಯನ್ನು ಕಡಿಮೆ ಡೋಸಿನಲ್ಲಿ ಮತ್ತೆ ಶುರು ಮಾಡೋಣ ಅಂದರು ಚೀಫ್. ನನ್ನ ಕಡೆ ತಿರುಗಿ, "ನೀವು ಹೇಳಿ ಕಳಿಸಿ" ಅಂದರು.

ಹೇಗೆ ಹೇಳುವುದು? ಸೋಮವಾರ ಅಂದರೆ ಅಜ್ಜಿಗೆ ಸೋಮವಾರ ಯಾವಾಗ ಬಂತು ಯಾವಾಗ ಹೋಯಿತು ಗೊತ್ತಾಗುವುದಿಲ್ಲ. "ನಿಮ್ಮೂರಲ್ಲಿ ಸಂತೆ ಯಾವತ್ತು ಅಜ್ಜಿ?" ಅಂದೆ. "ಬೇಸ್ತವಾರ" ಅಂದರು ಥಟ್ಟನೆ. ಸಂತೆ ದಿನ ಮರೆಯುವವರು ಯಾರೂ ಇಲ್ಲ. ಸಂತೆಯಿಂದ ಬಂದು, ಊಟ ಮಾಡಿ, ಒಂದು ಮಾತ್ರೆ. ಮತ್ತೆ ಮುಂದಿನ ಸಂತೆಗೆ. ಅದನ್ನು ಸೊಸೆಯ ಟ್ರಂಕಿನಲ್ಲಿ ಇಡುವುದು, ಫೋಲಿಕ್ ಆಸಿಡ್ ಅಜ್ಜಿಯ ಹತ್ತಿರ. ಒಂದು ಸಲಕ್ಕೆ ನಾಲ್ಕೇ ಮಾತ್ರೆ ಕೊಡಿಸುವುದು, ನಾಲ್ಕು ಸಂತೆಗೆ. ನಾನು ಹೇಳಿದ್ದನ್ನು ಅವರ ಬಾಯಲ್ಲೇ ಮೂರು ಸಲ ಹೇಳಿಸಿದೆ. ನಾನು ಆ ಆಸ್ಪತ್ರೆ ಬಿಡುವ ತನಕ ಅಜ್ಜಿ ಇನ್ನೂ ಎರಡು ಸಲ ಬಂದು ಹೋದರು. ಎಣಿಸಿದೆ. ಲೆಕ್ಕ ಸರಿಯಾಗಿತ್ತು.

ಆರು ತಿಂಗಳು ಯಾಕೆ ಬೇಕು ಅನ್ನುವುದಕ್ಕೆ ನನ್ನ ಹತ್ತಿರ ಇರುವ ಉತ್ತರ ಇದು. ಮೊದಲ ತಿಂಗಳು ವಾರ್ಡು ನಮಗೆ ಅರ್ಥವಾಗುವುದಿಲ್ಲ. ಎರಡನೇ ತಿಂಗಳು ಸಿಸ್ಟರ್ ಹೆಸರು ಹಿಡಿದು ಕರೆಯುತ್ತಾರೆ. ಮೂರನೇ ತಿಂಗಳು ಪಿಜಿಯೇ ಫೋನ್ ಮಾಡಿ "ಇವರ ಡೋಸ್ ಸ್ವಲ್ಪ ನೋಡಿ ಹೇಳ್ತೀರಾ" ಅಂತ ಕೇಳುತ್ತಾರೆ. ನಮ್ಮ ಮಾತಿಗೆ ಬೆಲೆ ಬರುವುದು ಅಲ್ಲಿಂದ. ಅಷ್ಟರಲ್ಲಿ ಬೇರೆ ವಾರ್ಡಿಗೆ ಕಳಿಸಿಬಿಟ್ಟರೆ ಮತ್ತೆ ಬೆನ್ನು ನೋಡುತ್ತಾ ನಿಲ್ಲಬೇಕು. ಕೆಲವು ಕಡೆ ಈ ಆರು ತಿಂಗಳನ್ನು ಹದಿನೈದು ದಿನದ ಚೂರುಗಳಾಗಿ ಕತ್ತರಿಸಿ, ಎಲ್ಲಾ ವಿಭಾಗ ತೋರಿಸಿದ್ದೇವೆ ಅಂತ ಹೇಳಿಕೊಳ್ಳುತ್ತಾರೆ. ಇನ್ನು ಕೆಲವು ಕಡೆ ವರ್ಷವೆಲ್ಲಾ ಲಾಗ್ ಬುಕ್ ತುಂಬಿಸುವುದರಲ್ಲೇ ಕಳೆಯುತ್ತದೆ. ಇದು ಮಕ್ಕಳಿಗೂ ರೋಗಿಗಳಿಗೂ ಮಾಡುವ ಅನ್ಯಾಯ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

"ಅದೇ ಶುಗರ್" ಅಂದಳಲ್ಲ, ಅದರದ್ದೂ ಒಂದು ಹೇಳಬೇಕು. ಒಬ್ಬರು ಅಮ್ಮನಿಗೆ ಮನೆಯಲ್ಲಿ 20 ಯೂನಿಟ್ ಇನ್ಸುಲಿನ್ ತೆಗೆದುಕೊಂಡರೂ ಶುಗರ್ 350ರ ಕೆಳಗೆ ಇಳಿಯುತ್ತಿರಲಿಲ್ಲ. ವಾರ್ಡಿನಲ್ಲಿ ಅದೇ 20 ಯೂನಿಟ್ ಕೊಟ್ಟರೆ ರಾತ್ರಿ ಬೆವತು ನಡುಗಿದರು. ಪಥ್ಯ ಮಾಡಲ್ಲ, ಸಿಹಿ ತಿಂತಾರೆ ಅಂತ ಎಲ್ಲರೂ ಅವರಿಗೇ ಹೇಳುತ್ತಿದ್ದರು. "ಅದೇ ಇಂಜೆಕ್ಷನ್, ಅದೇ ಡೋಸು, ಇಲ್ಲಿ ಮಾತ್ರ ಹೆಂಗೆ ಇಳೀತು?" ಅಂತ ಮೊದಲು ಕೇಳಿದವರು ನೈಟ್ ಡ್ಯೂಟಿ ಸಿಸ್ಟರ್. ಮನೆಯ ಸಿರಿಂಜ್ ತರಿಸಿದೆವು. ಕಿತ್ತಳೆ ಬಣ್ಣದ ಮುಚ್ಚಳ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಬಾಟಲಿಯಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್ ಬೇಕು. ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ನ ಇನ್ಸುಲಿನ್‌ಗೆ. ಅದರಲ್ಲಿ 20ರ ಗೆರೆವರೆಗೆ ಎಳೆದರೆ ಈ ಬಾಟಲಿಯಿಂದ ಬರುವುದು ಬರೀ 8 ಯೂನಿಟ್. ಎರಡು ವರ್ಷ ಆ ಅಮ್ಮ ಬೈಸಿಕೊಂಡಿದ್ದು ಮುಚ್ಚಳದ ಬಣ್ಣಕ್ಕೆ. ಇದೇ ತಪ್ಪು ತಿರುವುಮುರುವಾಗಿ, 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ, ಎರಡೂವರೆ ಪಟ್ಟು ಹೋಗುತ್ತದೆ. ಮನೆಯಲ್ಲಿ ಇನ್ಸುಲಿನ್ ಇರುವವರು ದಯವಿಟ್ಟು ಇವತ್ತೇ ಬಾಟಲಿ, ಸಿರಿಂಜ್ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ದಮ್ಮಿಗೆ ಎಳೆದುಕೊಳ್ಳಲು ಕೊಟ್ಟ ಪುಡಿಯ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುತ್ತಿದ್ದವರನ್ನು ನೋಡಿದ್ದೇನೆ. ಒಬ್ಬರಲ್ಲ, ಆರು ತಿಂಗಳಲ್ಲಿ ನಾಲ್ಕು ಜನ. ಮೆಷಿನ್ ಎಲ್ಲಿ ಅಂದರೆ "ಮಕ್ಕಳು ಆಟಕ್ಕೆ ತಗೊಂಡ್ವು" ಅಂದರು ಒಬ್ಬರು.

ತೂಕದ ವಿಷಯವೂ ನೆನಪಾಗುತ್ತದೆ. ನಮ್ಮ ವಾರ್ಡಿನ ಕೇಸ್ ಶೀಟಿನಲ್ಲಿ ತೂಕದ ಕಾಲಂ ಹೆಚ್ಚಾಗಿ ಖಾಲಿ ಇರುತ್ತಿತ್ತು. ಮೂತ್ರದ ಸೋಂಕಿಗೆ ಬಂದಿದ್ದ ಎಪ್ಪತ್ತೆರಡರ ಒಬ್ಬರಿಗೆ ಲಿವೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ದಿನಾ 750 ಮಿಲಿಗ್ರಾಂ ಬರೆದಿದ್ದರು. ಕ್ರಿಯಾಟಿನಿನ್ 1.4. ಸ್ವಲ್ಪ ಜಾಸ್ತಿ, ಅಷ್ಟೇ ಅಲ್ವಾ ಅನ್ನಿಸುವ ಸಂಖ್ಯೆ. ಆಯಾ ಜೊತೆ ಸೇರಿ ಓಪಿಡಿಯಿಂದ ತೂಕದ ಮೆಷಿನ್ ತಂದು ಅವರನ್ನು ನಿಲ್ಲಿಸಿದೆವು. 41 ಕೆ.ಜಿ. 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸಿ, ಹೆಂಗಸರಾದ್ದರಿಂದ 0.85ರಿಂದ ಗುಣಿಸಿದರೆ ಸುಮಾರು 23 ಬಂತು. ಕಿಡ್ನಿ ಕೆಲಸ ಕಾಲು ಭಾಗಕ್ಕೆ ಇಳಿದಿತ್ತು. ದಿನ ಬಿಟ್ಟು ದಿನ ಕೊಡಬೇಕಾದ ಡೋಸು ಅದು. 1976ರಿಂದ ಇರುವ ಸೂತ್ರ, ಎಲ್ಲರೂ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ತೂಕದ ಮೆಷಿನ್ ಹೊತ್ತು ತಂದ ದಿನ ಅದು ನನ್ನದಾಯಿತು.

ಉಳಿದ ಪೋಸ್ಟಿಂಗ್‌ಗಳು ಬೇಗ ಮುಗಿದವು. ಮಕ್ಕಳ ವಾರ್ಡಿನಲ್ಲಿ ಒಂದೇ ವಿಷಯ ತಲೆಯಲ್ಲಿ ಉಳಿದಿದೆ. ಪ್ಯಾರಾಸಿಟಮಾಲ್ ಡ್ರಾಪ್ಸ್‌ನ ಒಂದು ಎಂ.ಎಲ್.ನಲ್ಲಿ 100 ಮಿಲಿಗ್ರಾಂ, 125ರ ಸಿರಪ್‌ನ ಒಂದು ಎಂ.ಎಲ್.ನಲ್ಲಿ 25. ಒಂದು ಖಾಲಿಯಾಯಿತು ಅಂತ ಇನ್ನೊಂದನ್ನು ಅದೇ ಅಳತೆಯಲ್ಲಿ ಹಾಕುವ ತಾಯಂದಿರಿಗೆ ಅದನ್ನು ಹೇಳಿ ಹೇಳಿ ಸಾಕಾಗುತ್ತಿತ್ತು. ಹೃದ್ರೋಗ ವಿಭಾಗದಲ್ಲಿ ಕವಾಟ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ಬಗ್ಗೆ ಹೇಳುವ ಕೆಲಸ. ಸೊಪ್ಪು ಒಮ್ಮೆಲೇ ಜಾಸ್ತಿ ತಿಂದರೆ ಅದರ ಪ್ರಭಾವ ತಗ್ಗುತ್ತದೆ. ಸೊಪ್ಪು ಮುಟ್ಟಲೇಬೇಡಿ ಅಂತ ಯಾರೋ ಹೆದರಿಸಿ ಕಳಿಸಿರುತ್ತಾರೆ. ಸೊಪ್ಪಿನ ಸಾರಿಲ್ಲದೆ ನಮ್ಮ ಜನ ಹೇಗೆ ಇರಬೇಕು? ವಾರಕ್ಕೆ ಎರಡು ದಿನ ತಿನ್ನುತ್ತಿದ್ದರೆ ಹಾಗೇ ಎರಡು ದಿನ ತಿನ್ನಿ, ಒಂದು ವಾರ ಪೂರ್ತಿ ಬಿಟ್ಟು ಇನ್ನೊಂದು ವಾರ ದಿನಾ ಬಸ್ಸಾರು ಮಾಡಬೇಡಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ಪರೀಕ್ಷೆ ತಪ್ಪಿಸಬೇಡಿ ಅಂತ ಹೇಳಿದರೆ ಅವರ ಮುಖದಲ್ಲಿ ಬರುವ ನೆಮ್ಮದಿ ನೋಡಬೇಕು.

ಅಜ್ಜಿಯ ಕೇಸಿನಲ್ಲಿ ನಾನು ತುಂಬಿಸಿದ್ದ ಎಡಿಆರ್ ಫಾರಂ ಬಗ್ಗೆಯೂ ಒಂದು ಮಾತು. ಔಷಧಿಯಿಂದ ಆದ ತೊಂದರೆಗಳನ್ನು ದಾಖಲಿಸಲು 2010ರಿಂದ ರಾಷ್ಟ್ರೀಯ ಕಾರ್ಯಕ್ರಮ ಇದೆ, ಗಾಜಿಯಾಬಾದಿನ ಫಾರ್ಮಕೋಪಿಯಾ ಕಮಿಷನ್‌ನಲ್ಲಿ ಅದರ ಕೇಂದ್ರ. 1800-180-3024 ಉಚಿತ ನಂಬರ್, ರೋಗಿಗಳೂ ಕರೆ ಮಾಡಬಹುದು. ಫಾರಂ ತುಂಬಿಸುವುದನ್ನು ನಮ್ಮಲ್ಲಿ ಹಲವರು ತಲೆನೋವು ಅಂದುಕೊಳ್ಳುತ್ತಾರೆ. ಇನ್ನೊಂದು ಜಿಲ್ಲೆಯಲ್ಲಿ ಇನ್ನೊಬ್ಬರು ಅಜ್ಜಿಗೂ ಹೀಗೇ ಆಗಿದೆ ಅಂತ ಯಾರಿಗಾದರೂ ಗೊತ್ತಾಗಬೇಕಾದರೆ ಬೇರೆ ದಾರಿ ಯಾವುದಿದೆ?

ಈಗ ಕಷ್ಟದ ಮಾತು. ಆ ಇಡೀ ವರ್ಷ ನನಗೆ ಒಂದು ರೂಪಾಯಿ ಸ್ಟೈಪೆಂಡ್ ಇರಲಿಲ್ಲ. ಉಲ್ಟಾ ಆ ವರ್ಷಕ್ಕೂ ಕಾಲೇಜಿಗೆ ಫೀ ಕಟ್ಟಿದ್ದೆವು. ಅದೇ ವಾರ್ಡಿನಲ್ಲಿ, ಅದೇ ಹೊತ್ತು ಕೆಲಸ ಮಾಡುವ ಹೌಸ್ ಸರ್ಜನ್‌ಗೆ ಸ್ಟೈಪೆಂಡ್ ಬರುತ್ತದೆ. ನನ್ನ ಜೊತೆಯ ಹುಡುಗನೊಬ್ಬ ಹಾಸ್ಟೆಲ್ ಬಾಡಿಗೆಗೆ ರಾತ್ರಿ ಮೆಡಿಕಲ್ ಅಂಗಡಿಯಲ್ಲಿ ನಿಂತು, ಬೆಳಗ್ಗೆ ರೌಂಡ್ಸಿಗೆ ಬರುತ್ತಿದ್ದ. ನಿದ್ದೆಗೆಟ್ಟ ಕಣ್ಣಲ್ಲಿ ಡೋಸ್ ಲೆಕ್ಕ ಹಾಕುವುದು ಯಾರಿಗೆ ಒಳ್ಳೆಯದು?

ನಮ್ಮ ಬ್ಯಾಚಿನ ಗೆಳತಿಯೊಬ್ಬಳು ಈಗ ಅಮೆರಿಕದಲ್ಲಿದ್ದಾಳೆ. 2003ರ ನಂತರ ಪದವಿ ಪಡೆದ ಹೊರದೇಶದವರಿಗೆ ಅಲ್ಲಿ ಕನಿಷ್ಠ ಐದು ವರ್ಷದ ಫಾರ್ಮಸಿ ಓದು ಬೇಕು, ನಾಲ್ಕು ವರ್ಷದ ಬಿ.ಫಾರ್ಮ್ ಒಂದೇ ಸಾಲದು. ಅವಳು ನೇರ ಫಾರ್ಮ್.ಡಿ ಸೇರಿದ್ದವಳು, ಆರು ವರ್ಷ ಓದಿದ್ದರಿಂದ ದಾರಿ ಸಿಕ್ಕಿತು. ಅಲ್ಲಿ ರೆಸಿಡೆನ್ಸಿ ಪದವಿ ಮುಗಿದ ಮೇಲೆ ಶುರುವಾಗುತ್ತದೆ. ಮೊದಲ ವರ್ಷವನ್ನು ಪಿಜಿವೈ1 ಅಂತಾರೆ, ಎಲ್ಲಾ ಬಗೆಯ ರೋಗಿಗಳ ಜೊತೆ ಕೆಲಸ. ಬೇಕಿದ್ದವರು ಎರಡನೇ ವರ್ಷ ಪಿಜಿವೈ2 ಮಾಡಿ ಕ್ಯಾನ್ಸರ್, ಐಸಿಯು, ಮಕ್ಕಳ ವಿಭಾಗ ಅಂತ ಒಂದನ್ನು ಹಿಡಿಯುತ್ತಾರೆ. ಡಾಕ್ಟರ್‌ಗಳಿಗೆ ಇರುವ ಹಾಗೆ "ಮ್ಯಾಚ್" ಇದೆ, ಅಭ್ಯರ್ಥಿಯೂ ಆಸ್ಪತ್ರೆಯೂ ತಮ್ಮ ತಮ್ಮ ಪಟ್ಟಿ ಕೊಡುತ್ತಾರೆ, ಮಾರ್ಚ್‌ನಲ್ಲಿ ಯಾರಿಗೆ ಎಲ್ಲಿ ಅಂತ ಗೊತ್ತಾಗುತ್ತದೆ. ಸಂಬಳ ಇದೆ. ಅಲ್ಲೂ ಇದೇನು ನಿನ್ನೆ ಮೊನ್ನೆಯದಲ್ಲ. ಹಾರ್ವಿ ವಿಟ್ನಿ ಅನ್ನುವವರು ಮಿಶಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 1927ರಲ್ಲೇ ಫಾರ್ಮಸಿಸ್ಟ್‌ಗಳಿಗೆ ಇಂಟರ್ನ್‌ಶಿಪ್ ಶುರು ಮಾಡಿದ್ದರು.

ಗೆಳತಿಯ ಒಂದು ಮಾತು ನನ್ನನ್ನು ಬಹಳ ಕಾಡಿತು. "ಇಲ್ಲಿ ನಾನು ರೌಂಡ್ಸಿಗೆ ಬರೋದು ಸ್ವಲ್ಪ ತಡವಾದ್ರೆ, ಫಾರ್ಮಸಿಸ್ಟ್ ಬರಲಿ ಅಂತ ಕಾಯ್ತಾರೆ ಕಣೇ" ಅಂದಳು. ನಮಗೆ ಕಲಿಸಿದ್ದು ಅದೇ ಕೆಲಸ. ಅದೇ ಪುಸ್ತಕ. ನಮಗಾಗಿ ಕಾಯುವ ವಾರ್ಡು ಒಂದು ಇಲ್ಲಿಲ್ಲ, ಅಷ್ಟೇ ವ್ಯತ್ಯಾಸ. ರೆಸಿಡೆನ್ಸಿ ಮುಗಿದ ಮರುದಿನ ಆ ವಾರ್ಡಿನಲ್ಲಿ ನನ್ನ ಕೆಲಸ ಮಾಡಲು ಯಾವ ಹುದ್ದೆಯೂ ಇರಲಿಲ್ಲ. ಮುಂದಿನ ಬ್ಯಾಚಿನ ಮಕ್ಕಳು ಬರುವವರೆಗೆ ಕವರ್ ಬಿಚ್ಚಿ ನೋಡುವವರೂ ಇರಲಿಲ್ಲ.

ಈಗ ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೇನೆ. ಆಸ್ಪತ್ರೆಗಳ ಗುಣಮಟ್ಟ ನೋಡುವ ಎನ್‌ಎಬಿಎಚ್ ಸಂಸ್ಥೆಯ ಮಾನ್ಯತೆ ಬೇಕೆಂದರೆ ಔಷಧಿ ನಿರ್ವಹಣೆಗೆ ಒಂದು ವ್ಯವಸ್ಥೆ ತೋರಿಸಬೇಕು, ಹಾಗಾಗಿ ನಮ್ಮಂಥವರಿಗೆ ಇಂಥ ಕಡೆ ಕೆಲಸ ಸಿಗುತ್ತಿದೆ. ಇನ್ನೂರೈವತ್ತು ಬೆಡ್ಡಿಗೆ ಇಬ್ಬರೇ ಇದ್ದೇವೆ. ದಿನದ ಹೆಚ್ಚು ಹೊತ್ತು ಆಡಿಟ್ ಶೀಟಿಗೆ ಹೋಗುತ್ತದೆ. ಆದರೂ ದಿನಕ್ಕೆ ನಾಲ್ಕು ರೋಗಿಗಳ ಪಕ್ಕ ಕೂತೇ ಬರುತ್ತೇನೆ. ಅದನ್ನು ಯಾರೂ ಹೇಳಿಲ್ಲ, ಯಾರೂ ಬೇಡ ಅಂದೂ ಇಲ್ಲ.

ಇದನ್ನು ಅರ್ಧ ಬರೆದು ಬಿಟ್ಟಿದ್ದೆ. ನಿನ್ನೆ ಸಂಜೆ ಅದೇ ಜೂನಿಯರ್ ಮೆಸೇಜ್ ಹಾಕಿದಳು. ಅವಳು ಮೆಡಿಸಿನ್ ವಾರ್ಡಿಗೆ ಹೋಗಿ ಹದಿನೆಂಟು ದಿನ ಆಗಿದೆ.

"ಅಕ್ಕಾ, ಒಬ್ರು ಅಜ್ಜ ತಲೆಸುತ್ತು ಅಂತ ಬಂದಿದ್ದಾರೆ. ಮನೆಯಿಂದ ಕವರ್ ತರಿಸ್ದೆ. ಒಂಬತ್ತು ಸ್ಟ್ರಿಪ್ ಇದೆ. ಎರಡು ಬೇರೆ ಬೇರೆ ಕಂಪನಿ ಹೆಸರು, ಬೇರೆ ಬೇರೆ ಡಾಕ್ಟರ್ ಬರೆದಿದ್ದು. ಒಳಗಡೆ ಎರಡೂ ಒಂದೇ ಶುಗರ್ ಮಾತ್ರೆ, ಗ್ಲಿಮೆಪಿರೈಡ್. ಎರಡನ್ನೂ ತಗೋತಿದ್ದಾರೆ."

"ಶುಗರ್ ಎಷ್ಟು?" ಅಂತ ಹಾಕಿದೆ.

"58."

ತಕ್ಷಣ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಹತ್ತು ನಿಮಿಷ ಬಿಟ್ಟು ಅವಳೇ ಮಾಡಿದಳು. ಡ್ಯೂಟಿ ಡಾಕ್ಟರ್ ಹತ್ತಿರ ಓಡಿದ್ದಳಂತೆ. ಗ್ಲೂಕೋಸ್ ಹಾಕಿದ್ದಾರೆ, ಆ ಮಾತ್ರೆಯ ಪ್ರಭಾವ ಬೇಗ ಇಳಿಯುವುದಿಲ್ಲ ಅಂತ ರಾತ್ರಿಯೆಲ್ಲಾ ಶುಗರ್ ನೋಡುತ್ತಾರಂತೆ. ತಾನೂ ಒಂಬತ್ತರವರೆಗೆ ಅಲ್ಲೇ ಇರುತ್ತೇನೆ ಅಂದಳು. ಅಜ್ಜನ ಮಗಳು ಊರಿಂದ ಬರಬೇಕು, ಬಂದ ಮೇಲೆ ಎರಡು ಸ್ಟ್ರಿಪ್ಪನ್ನೂ ತೋರಿಸಿ ಹೇಳಬೇಕು ಅಂದಳು.